ತಮಾನ್ಯಾನ್ ಎಳೆದ ಗೆರೆಗಳ ಮೇಲೆ: ಯೆರೆವಾನಿನಲ್ಲಿ ಐದು ದಿನ

ಮೊದಲ ದಿನ

ಅಣ್ಣನ ಮಗಳು ಪುಟ್ಟಿ ಅರ್ಮೇನಿಯಾದ ರಾಜಧಾನಿ ಯೆರೆವಾನಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ, ಮೂರನೇ ವರ್ಷ. ಅಣ್ಣನಿಗೆ ರಜೆ ಹೊಂದಲಿಲ್ಲ, ಅತ್ತಿಗೆಗೆ ವಿಮಾನದ ಭಯ ಬಿಡಲಿಲ್ಲ. ಹಾಗಾಗಿ ಇಷ್ಟು ದಿನ ಯಾರೂ ಅವಳನ್ನು ನೋಡಿಕೊಂಡು ಬಂದಿರಲಿಲ್ಲ. ಈ ಸಲ ನಾನೇ ಹೊರಟೆ. ನನಗೆ ನನ್ನದೇ ಆದ ಇನ್ನೊಂದು ಕಾರಣವೂ ಇತ್ತು. ಮೈಸೂರಿನ ಪಾಲಿಟೆಕ್ನಿಕ್ಕೊಂದರಲ್ಲಿ ಇಪ್ಪತ್ತೆಂಟು ವರ್ಷ ಬಿಲ್ಡಿಂಗ್ ಡ್ರಾಯಿಂಗ್ ಕಲಿಸಿದವಳು ನಾನು. ಪ್ಲಾನು, ಎಲಿವೇಶನ್ನು, ಸೆಕ್ಷನ್ನು ಇವೇ ನನ್ನ ಅನ್ನ. ಒಂದು ದೇಶದ ರಾಜಧಾನಿಯನ್ನು ಒಬ್ಬ ಮನುಷ್ಯ ಹಾಳೆಯ ಮೇಲೆ ಎಳೆದರು, ಅದರಂತೆ ಊರು ಎದ್ದಿತು, ನೂರು ವರ್ಷ ಕಳೆದರೂ ಆ ಹಾಳೆಯ ಕೆಲಸ ಇನ್ನೂ ಮುಗಿದಿಲ್ಲ ಎಂದು ಓದಿದಾಗಿನಿಂದ ಆ ಊರನ್ನು ಕಾಲ್ನಡಿಗೆಯಲ್ಲಿ ನೋಡಬೇಕೆಂಬ ಆಸೆ ಹತ್ತಿತ್ತು. ಆ ಮನುಷ್ಯ ವಾಸ್ತುಶಿಲ್ಪಿ ಅಲೆಕ್ಸಾಂಡರ್ ತಮಾನ್ಯಾನ್.

ಶಾರ್ಜಾದಲ್ಲಿ ವಿಮಾನ ಬದಲಿಸಿ ಯೆರೆವಾನಿನಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸೆಪ್ಟೆಂಬರ್ ಕೊನೆಯ ವಾರ, ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ. ಪುಟ್ಟಿ ಹೂವು ಹಿಡಿದು ನಿಂತಿದ್ದಳು. "ಅತ್ತೆ, ಚಟ್ನಿಪುಡಿ ತಂದ್ಯಾ?" ಎಂದದ್ದೇ ಮೊದಲ ಮಾತು. ಹುರಿಹಿಟ್ಟು, ಚಟ್ನಿಪುಡಿ, ಅತ್ತಿಗೆ ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿ ಎಲ್ಲವೂ ಕ್ಷೇಮವಾಗಿ ಬಂದಿದ್ದವು.

ಊರಿನ ಕಡೆ ಹೋಗುವಾಗ ಎಡಕ್ಕೂ ಬಲಕ್ಕೂ ಕತ್ತು ತಿರುಗಿಸುತ್ತಿದ್ದೆ. "ಏನು ಹುಡುಕ್ತಿದ್ದೀಯಾ?" ಎಂದಳು. ಅರಾರತ್ ಬೆಟ್ಟ ಎಂದೆ. 5,137 ಮೀಟರಿನ ಬೆಟ್ಟ, ವರ್ಷವಿಡೀ ಹಿಮ ಹೊದ್ದುಕೊಂಡಿರುತ್ತದೆ. ಇಲ್ಲಿಂದ ಅರವತ್ತು ಕಿಲೋಮೀಟರ್ ಕೂಡ ಇಲ್ಲ. ಆದರೆ ಇರುವುದು ತುರ್ಕಿಯಲ್ಲಿ. 1921ರ ಒಪ್ಪಂದಗಳಲ್ಲಿ ಗಡಿ ಹಾಗೆ ಬಿತ್ತು, 1993ರಿಂದ ಆ ಗಡಿಯನ್ನು ಮುಚ್ಚಿಯೂ ಇದ್ದಾರೆ. ಅರ್ಮೇನಿಯನ್ನರು ಅದನ್ನು ಮಾಸಿಸ್ ಎಂದು ಕರೆದು, ದಿನವೂ ನೋಡುತ್ತಾರೆ. ಎದ್ದು ಹೋಗಿ ಮುಟ್ಟುವ ದಾರಿಯಿಲ್ಲ. ತಮಾನ್ಯಾನ್ ಇಡೀ ಊರನ್ನು ಈ ಬೆಟ್ಟಕ್ಕೆ ಮುಖ ಮಾಡಿಸಿ ಎಳೆದರು. ಬೆಟ್ಟ ಕಾಣದಿದ್ದರೆ ಪ್ಲಾನಿನ ಅರ್ಧ ಕಂಡಂತಾಗುವುದಿಲ್ಲ. ಪುಟ್ಟಿ ದಕ್ಷಿಣದ ಕಡೆ ಬೊಟ್ಟು ಮಾಡಿದಳು. ಅಲ್ಲಿ ಬೂದಿ ಬಣ್ಣದ ಮಬ್ಬಷ್ಟೇ ಇತ್ತು. "ನಾಲ್ಕು ದಿನದಿಂದ ಹೀಗೇ ಇದೆ ಅತ್ತೆ."

ಆ ದಿನವೆಲ್ಲ ನಿದ್ದೆಯಲ್ಲೇ ಕಳೆಯಿತು. ಸಂಜೆ ಅವಳು ಬಾಡಿಗೆಗಿರುವ ಮನೆಯ ಹತ್ತಿರದ ಅಂಗಡಿಯಲ್ಲಿ ಲವಾಶ್ ರೊಟ್ಟಿ ಕೊಂಡೆವು. ಅಂಗೈ ಕಾಣುವಷ್ಟು ತೆಳು, ಟವೆಲ್ಲಿನಂತೆ ಮಡಚಿ ಕೊಡುತ್ತಾರೆ. ಜೊತೆಗೆ ತಾನ್ ಎಂಬ ಪಾನೀಯ. ಒಂದು ಗುಟುಕು ಕುಡಿದು ನೋಡಿದರೆ ನಮ್ಮ ಉಪ್ಪು ಮಜ್ಜಿಗೆ! ಲವಾಶ್, ಚಟ್ನಿಪುಡಿ, ತಾನ್. ಅಷ್ಟರಲ್ಲಿ ಊಟ ಮುಗಿಯಿತು.

ಎರಡನೇ ದಿನ

ಪುಟ್ಟಿಗೆ ಬೆಳಗ್ಗೆ ಕ್ಲಾಸು. ನಾನೊಬ್ಬಳೇ ಮೆಟ್ರೋ ಹತ್ತಿ ರಿಪಬ್ಲಿಕ್ ಸ್ಕ್ವೇರ್‌ನಲ್ಲಿ ಇಳಿದೆ. ಊರಿನ ನಡುಮನೆ ಇದ್ದಂತೆ ಈ ಚೌಕ. ಹೆಸರಿಗೆ ಚೌಕವಾದರೂ ಚೌಕಾಕಾರವಲ್ಲ. ಒಂದು ದೊಡ್ಡ ಅಂಡಾಕಾರ, ಅದರ ಒಂದು ಬದಿಗೆ ಕಾರಂಜಿಗಳಿರುವ ಇನ್ನೊಂದು ಅಂಗಳ. ನಡುವೆ ನೆಲಕ್ಕೆ ಬಣ್ಣಬಣ್ಣದ ಕಲ್ಲು ಹಾಸಿ ಅರ್ಮೇನಿಯನ್ ಜಮಖಾನದ ಚಿತ್ತಾರ ಮೂಡಿಸಿದ್ದಾರೆ. ಸುತ್ತಲಿನ ಕಟ್ಟಡಗಳೆಲ್ಲ ಬಾಗಿ ನಿಂತು ಆ ಜಮಖಾನವನ್ನೇ ನೋಡುತ್ತಿವೆ.

ಈ ಕಟ್ಟಡಗಳಲ್ಲಿ ಮೊದಲು ಎದ್ದದ್ದು ಸರ್ಕಾರಿ ಭವನ. ತಮಾನ್ಯಾನ್ ಅವರದೇ ವಿನ್ಯಾಸ, 1926ರಲ್ಲಿ ಕೆಲಸ ಶುರುವಾಯಿತು. ಗಡಿಯಾರದ ಗೋಪುರದ ಕೆಳಗೆ ಸಾಲು ಕಮಾನುಗಳ ಪಡಸಾಲೆಯಿದೆ. ಅಲ್ಲಿ ಒಂದೂವರೆ ಗಂಟೆ ಕಳೆದೆ. ಒಂದೇ ಕಡೆ ಅಷ್ಟು ಹೊತ್ತು ನಿಂತರೆ ಕಾವಲಿನವರು ಕೇಳುತ್ತಾರೆ. ಒಬ್ಬರು ಬಂದೂ ಬಂದರು. ಕೈಯಲ್ಲಿದ್ದ ಸ್ಕೆಚ್ ಪುಸ್ತಕ ತೋರಿಸಿದೆ. ಅದರಲ್ಲಿ ಒಂದು ಕಂಬದ ತಲೆ ಅರ್ಧ ಮೂಡಿತ್ತು. ನೋಡಿ, ನಕ್ಕು, ಪಕ್ಕದ ಕಂಬ ಇನ್ನೂ ಚೆನ್ನಾಗಿದೆ ಎಂಬಂತೆ ಕೈ ತೋರಿಸಿ ಹೋದರು.

ಪಕ್ಕದ್ದು ಬೇರೆಯೇ ಇತ್ತು. ಮೊದಲ ಕಂಬದ ತಲೆಯಲ್ಲಿ ದ್ರಾಕ್ಷಿ ಗೊಂಚಲು, ಎರಡನೆಯದರಲ್ಲಿ ದಾಳಿಂಬೆ, ಆಚೆ ಎಲೆಗಳ ನಡುವೆ ಹಕ್ಕಿ. ಒಂದು ಅಚ್ಚು ಮಾಡಿ ನೂರು ಎರಕ ಹೊಯ್ದ ಕೆಲಸ ಇದಲ್ಲ. ಬೆರಳಿಟ್ಟು ನೋಡಿದರೆ ಉಳಿ ಯಾವ ಕಡೆಯಿಂದ ಬಂದು ಎಲ್ಲಿ ತಿರುಗಿತು ಎಂಬುದು ತಿಳಿಯುತ್ತದೆ. ದಾಳಿಂಬೆಯ ಒಡೆದ ಸಿಪ್ಪೆಯೊಳಗೆ ಕಾಳುಗಳನ್ನು ಬಿಡಿಬಿಡಿಯಾಗಿ ಕಡೆದಿದ್ದಾರೆ. ಎಣಿಸಿದೆ, ಹನ್ನೊಂದಿದ್ದವು. ಕೆಳಗಿನ ಪೀಠ ಕಪ್ಪು ಬಸಾಲ್ಟಿನದು, ನಮ್ಮ ಕರಿಕಲ್ಲಿನಂತೆ ತಣ್ಣಗೆ, ಗಟ್ಟಿ. ಅದರ ಮೇಲೆ ಏಳುವ ಗೋಡೆ ತುಫ್ ಕಲ್ಲಿನದು. ತುಫ್ ಎಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಹಗುರ. ಕೊಯ್ಯುವಾಗ ಮೆದು. ಚಳಿ ಬಿಸಿಲು ಎರಡನ್ನೂ ಒಳಗೆ ಬಿಡುವುದಿಲ್ಲ. ಗುಲಾಬಿ, ಹಳದಿ, ಕಿತ್ತಳೆ, ಕಪ್ಪು ಎಲ್ಲ ಬಣ್ಣದಲ್ಲೂ ಸಿಗುತ್ತದೆ. ಯೆರೆವಾನನ್ನು ಗುಲಾಬಿ ಊರು ಎನ್ನುವುದು ಈ ಕಲ್ಲಿನಿಂದ. ಬಣ್ಣ ಬಳಿದು ಗುಲಾಬಿಯಾದದ್ದಲ್ಲ, ನೆಲದಿಂದ ಬಂದ ಬಣ್ಣ.

ತಮಾನ್ಯಾನ್ ಹುಟ್ಟಿದ್ದು 1878ರಲ್ಲಿ, ರಷ್ಯಾದ ಯೆಕತೆರಿನೊದಾರ್ ಎಂಬ ಊರಿನಲ್ಲಿ. ಇವತ್ತಿನ ಕ್ರಾಸ್ನೊದಾರ್. ಸೇಂಟ್ ಪೀಟರ್ಸ್‌ಬರ್ಗ್‌ನ ಕಲಾ ಅಕಾಡೆಮಿಯಲ್ಲಿ ಓದಿ 1904ರಲ್ಲಿ ಪದವಿ ಪಡೆದರು. ಮಾಸ್ಕೋದಲ್ಲಿ ರಾಜಕುಮಾರ ಶೆರ್ಬಾತೊವ್‌ಗೆ ಮನೆ ಕಟ್ಟಿಕೊಟ್ಟರು, ತ್ಸಾರ್‌ಸ್ಕೊಯೆ ಸೆಲೊದಲ್ಲಿ ಕೊಚುಬೆಯ್ ಮನೆತನಕ್ಕೆ ಬಂಗಲೆ ಕಟ್ಟಿದರು. 1914ರಲ್ಲಿ ಅಕಾಡೆಮಿಯ ಸದಸ್ಯರಾದರು. ಅಲ್ಲೇ ಉಳಿದಿದ್ದರೆ ದೊಡ್ಡ ಮನುಷ್ಯರಾಗಿ ಬಾಳಬಹುದಿತ್ತು. 1919ರಲ್ಲಿ ಅವರು ಬಂದದ್ದು ಎಂಥ ಊರಿಗೆ! ರಷ್ಯನ್ ಸಾಮ್ರಾಜ್ಯದ ಕಾಲದಲ್ಲಿ ಸುಮಾರು 30 ಸಾವಿರ ಜನರಿದ್ದ ಮಣ್ಣುಗೋಡೆಗಳ ಜಿಲ್ಲಾ ಪಟ್ಟಣ ಅದು. ಒಟ್ಟೊಮನ್ ತುರ್ಕಿಯಲ್ಲಿ ನಡೆದ 1915ರ ಅರ್ಮೇನಿಯನ್ನರ ನರಮೇಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು, ಅನಾಥ ಮಕ್ಕಳು ಬೀದಿಗಳಲ್ಲಿ ತುಂಬಿದ್ದರು. ಬರ, ಟೈಫಸ್ ಜ್ವರ. ದೇಶಕ್ಕೆ ವಯಸ್ಸು ಒಂದು ವರ್ಷ. ಅಲ್ಲಿ ಕೂತು ಅವರು ಊರಿನ ನಕ್ಷೆ ಶುರು ಮಾಡಿದರು, ಚಿತ್ರಕಾರ ಹಕೋಬ್ ಕೊಜೊಯಾನ್ ಜೊತೆ ಸೇರಿ ದೇಶದ ಲಾಂಛನವನ್ನೂ ಬರೆದರು. ಹದ್ದು, ಸಿಂಹ, ನಡುವೆ ಅರಾರತ್, ಅದರ ಮೇಲೆ ನೋಹನ ದೋಣಿ. ಸ್ವಾತಂತ್ರ್ಯ ಮರಳಿ ಬಂದ ಮೇಲೆ ಅದೇ ಲಾಂಛನವನ್ನು ಮತ್ತೆ ತಂದುಕೊಂಡಿದ್ದಾರೆ. ತರಕಾರಿ ಕೊಂಡಾಗ ಚಿಲ್ಲರೆಯಾಗಿ ಬಂದ ನಾಣ್ಯದ ಮೇಲೂ ಕಂಡೆ.

1920ರ ಕೊನೆಗೆ ಬೋಲ್ಶೆವಿಕರು ಬಂದರು. ತಮಾನ್ಯಾನ್ ಇರಾನಿನ ತಬ್ರೀಜ್‌ಗೆ ಹೋದರು. 1923ರಲ್ಲಿ ಹೊಸ ಸರ್ಕಾರವೇ ಕರೆಸಿಕೊಂಡಿತು. 1924ರಲ್ಲಿ ಅವರ ಮಾಸ್ಟರ್ ಪ್ಲಾನಿಗೆ ಒಪ್ಪಿಗೆ ಸಿಕ್ಕಿತು: ಒಂದೂವರೆ ಲಕ್ಷ ಜನರ ಊರು, ನಡುವೆ ಆಡಳಿತದ ಚೌಕ, ಸುತ್ತ ಉಂಗುರದಂತೆ ತೋಪು, ಬೆಟ್ಟದ ಕಡೆ ತೆರೆದ ಬೀದಿಗಳು. ಡ್ರಾಯಿಂಗ್ ಕಲಿಸಿದವಳಾಗಿ ನನಗೆ ಇಲ್ಲಿ ಕಣ್ಣು ತುಂಬಿ ಬರುತ್ತದೆ. ಊಟಕ್ಕೆ ಅಮೆರಿಕದ ದಾನದ ಗೋಧಿಯನ್ನು ಕಾಯುತ್ತಿದ್ದ ಊರಿಗೆ ಅಪೆರಾ ಭವನದ ಜಾಗ ಗುರುತಿಸುವುದೆಂದರೆ! ಹುಚ್ಚು ಅಂದವರು ಆಗಲೂ ಇದ್ದಿರಬೇಕು. ಇವತ್ತು ಯೆರೆವಾನಿನಲ್ಲಿ ಸುಮಾರು 11 ಲಕ್ಷ ಜನರಿದ್ದಾರೆ. ಅವರು ಎಣಿಸಿದ್ದಕ್ಕಿಂತ ಏಳು ಪಾಲು ಹೆಚ್ಚು.

ಚೌಕದಿಂದ ಹೊರಡುವಾಗ ಹಿಂಬದಿಯ ಬೀದಿಯಲ್ಲಿ ಕಲ್ಲುಕೆಲಸದ ಸದ್ದು ಕೇಳಿ ನಿಂತೆ. ಹಳೆಯ ಕಟ್ಟಡದ ಗೋಡೆಯಲ್ಲಿ ಒಡೆದಿದ್ದ ಒಂದು ತುಫ್ ಹಲಗೆಯನ್ನು ಬದಲಿಸುತ್ತಿದ್ದರು. ಐವತ್ತು ದಾಟಿದ ಕಲ್ಲುಕುಟಿಗರು ಹೊಸ ಹಲಗೆಯನ್ನು ಮರಳಿನ ಮೂಟೆಯ ಮೇಲೆ ಮಲಗಿಸಿ, ಅಗಲ ಬಾಯಿಯ ಉಳಿಯಿಂದ ಅಂಚು ಸವರುತ್ತಿದ್ದರು. ನಮ್ಮಲ್ಲಿ ಕರಿಕಲ್ಲಿಗೆ ಹೊಡೆಯುವ ಖಣಖಣ ಸದ್ದಲ್ಲ ಇದು. ಒಣ ತೆಂಗಿನಕಾಯಿ ತುರಿದ ಹಾಗೆ ಪರಪರ. ಉಳಿ ತಾಗಿದ ಕಡೆ ಗುಲಾಬಿ ಹುಡಿ ಉದುರಿ ಅವರ ಪ್ಯಾಂಟು, ಬೂಟು, ಹುಬ್ಬು ಎಲ್ಲವೂ ಅದೇ ಬಣ್ಣವಾಗಿತ್ತು. ಹಲಗೆಯನ್ನು ಗೋಡೆಗೆ ಹಿಡಿದು ನೋಡಿ, ಕೆಳಗಿಳಿಸಿ, ಇನ್ನೊಂದು ಎಳೆ ತೆಗೆದರು. ಮೂರು ಸಲ ಹೀಗೆ. ನಾಲ್ಕನೆಯ ಸಲ ಸಂದಿ ಕಾಣದಂತೆ ಕೂತಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅವರು ನೆಲದಿಂದ ಒಂದು ಚೂರು ಆರಿಸಿ ನನ್ನ ಅಂಗೈಯಲ್ಲಿಟ್ಟರು. ಬೆಲ್ಲದಚ್ಚಿನಷ್ಟಿದ್ದರೂ ಅರ್ಧ ತೂಕವೂ ಇಲ್ಲ.

ಬೆಟ್ಟ ಆ ದಿನವೂ ಕಾಣಲಿಲ್ಲ.

ಮೂರನೇ ದಿನ

ಶನಿವಾರ, ಪುಟ್ಟಿಗೆ ರಜೆ. ಅಪೆರಾ ಭವನದಿಂದ ಚೌಕದವರೆಗೆ ನಡೆಯುವುದೆಂದು ಹೊರಟೆವು. ತಮಾನ್ಯಾನ್ ಪ್ಲಾನಿನ ಎರಡು ತುದಿಗಳು ಇವು. ಒಂದು ತುದಿಯಲ್ಲಿ ಆಡಳಿತ, ಇನ್ನೊಂದರಲ್ಲಿ ಹಾಡು.

ಅಪೆರಾ ಭವನ ದುಂಡಗಿದೆ. ಒಳಗೆ ಎರಡು ಸಭಾಂಗಣಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಒಂದು ಕಡೆ ಅಪೆರಾ ರಂಗ, ಇನ್ನೊಂದು ಕಡೆ ಸಂಗೀತ ಕಛೇರಿಯ ಸಭಾಂಗಣ, ಅದಕ್ಕೀಗ ಸಂಗೀತ ರಚನಕಾರ ಅರಾಮ್ ಖಚತೂರ್ಯಾನ್ ಹೆಸರು. ತಮಾನ್ಯಾನ್ ಇದನ್ನು ಜನರ ಮನೆ ಎಂದು ಕರೆದಿದ್ದರು. ನಡುವಿನ ರಂಗವನ್ನು ತೆರೆದು ಎರಡನ್ನೂ ಒಂದೇ ಸಭೆಯಾಗಿ ಮಾಡಬೇಕೆಂಬುದು ಅವರ ಮೂಲ ಯೋಚನೆ. 1930ರಲ್ಲಿ ಅಡಿಗಲ್ಲು ಬಿತ್ತು, 1936ರ ಫೆಬ್ರವರಿ 20ರಂದು ಅವರು ತೀರಿಕೊಂಡರು. ಮರುವರ್ಷ ಪ್ಯಾರಿಸ್‌ನ ಮಹಾ ಪ್ರದರ್ಶನದಲ್ಲಿ ಈ ವಿನ್ಯಾಸಕ್ಕೆ ಬಹುಮಾನ ಬಂತು. ಕಟ್ಟಡ ಮುಗಿದದ್ದು 1953ರಲ್ಲಿ, ಮಗ ಗೆವೊರ್ಗ್ ತಮಾನ್ಯಾನ್ ಅವರ ಮೇಲ್ವಿಚಾರಣೆಯಲ್ಲಿ. ಅಪ್ಪ ಬಿಟ್ಟುಹೋದ ಹಾಳೆಗಳನ್ನು ಹರಡಿಕೊಂಡು, ಅಪ್ಪನ ಕೈ ಇಲ್ಲಿ ಏನು ಮಾಡುತ್ತಿತ್ತು ಎಂದು ಯೋಚಿಸುತ್ತಾ ಹದಿನೇಳು ವರ್ಷ ಕೆಲಸ ಮಾಡುವುದು ಹೇಗಿರಬಹುದು!

ಇದೇ ಜಾಗದಲ್ಲಿ ಮೊದಲು ಗೆತ್ಸೆಮನಿ ಎಂಬ ಚಿಕ್ಕ ಚರ್ಚಿತ್ತು. ಅಪೆರಾಕ್ಕಾಗಿ ಅದನ್ನು ಕೆಡವಿದರು. ಇದನ್ನು ನಾನು ಬಚ್ಚಿಡಲಾರೆ. ತಮಾನ್ಯಾನ್ ಎಳೆದ ಗೆರೆಗಳು ಖಾಲಿ ಬಯಲಿನ ಮೇಲೆ ಬಿದ್ದವಲ್ಲ, ಜನ ಬಾಳುತ್ತಿದ್ದ ಮನೆಗಳ ಮೇಲೂ, ಮೇಣದಬತ್ತಿ ಹಚ್ಚುತ್ತಿದ್ದ ಗುಡಿಗಳ ಮೇಲೂ ಬಿದ್ದವು.

ಅಪೆರಾದ ಎದುರಿನ ಬಯಲು ಸ್ವಾತಂತ್ರ್ಯ ಚೌಕ. 1988ರಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದು ಇಲ್ಲೇ. ಸೋವಿಯತ್ ಆಡಳಿತದ ಬುಡ ಅಲ್ಲಾಡಿಸಿದ ಸಭೆಗಳವು. ಆಡಳಿತದ ಚೌಕದಲ್ಲಿ ಲೆನಿನ್ ವಿಗ್ರಹ ನಿಂತಿತ್ತು, ಜನ ಹಾಡಿನ ಮನೆಯ ಎದುರು ಬಂದು ನಿಂತರು. ಲೆನಿನ್ ವಿಗ್ರಹ 1991ರಲ್ಲಿ ಇಳಿಯಿತು.

ಇಲ್ಲಿಂದ ಚೌಕದ ಕಡೆಗೆ ಓರೆಯಾಗಿ ಇಳಿಯುವುದು ಉತ್ತರ ಬೀದಿ. ಉಳಿದ ಬೀದಿಗಳು ನೇರವಾಗಿ ಅಡ್ಡ ಉದ್ದ ಹಾಯ್ದಿದ್ದರೆ ಇದೊಂದು ಮಾತ್ರ ಕೋನದಲ್ಲಿ ಸೀಳಿಕೊಂಡು ಹೋಗುತ್ತದೆ. 1920ರ ದಶಕದ ಹಾಳೆಯಲ್ಲೇ ಈ ಗೆರೆ ಇತ್ತು. ಎಂಬತ್ತು ವರ್ಷ ಬರಿಯ ಗೆರೆಯಾಗಿಯೇ ಉಳಿದು, 2007ರಲ್ಲಿ ಬೀದಿಯಾಗಿ ತೆರೆಯಿತು. ನಾನು ಬಹಳ ನಿರೀಕ್ಷೆ ಇಟ್ಟುಕೊಂಡು ಕಾಲಿಟ್ಟೆ. ನಿಜ ಹೇಳಬೇಕೆಂದರೆ ಮನಸ್ಸು ಮುದುಡಿತು. ಎರಡೂ ಕಡೆ ಒಂಬತ್ತು ಹತ್ತು ಅಂತಸ್ತಿನ ಕಟ್ಟಡಗಳು, ಕೆಳಗೆ ದುಬಾರಿ ಬಟ್ಟೆಯಂಗಡಿಗಳು. ಕಲ್ಲು ಇದೆ, ಕಮಾನೂ ಇದೆ, ಆದರೆ ನಿನ್ನೆ ಎಣಿಸಿದ ದಾಳಿಂಬೆ ಕಾಳು ಎಲ್ಲೂ ಇಲ್ಲ. ಎತ್ತರ ಹೆಚ್ಚಾಗಿ ಬೀದಿಗೆ ಆಕಾಶ ಕಡಿಮೆಯಾಗಿದೆ. ತಮಾನ್ಯಾನ್ ಎಳೆದದ್ದು ದಿಕ್ಕು. ಆ ದಿಕ್ಕಿನ ಮೇಲೆ ಎಷ್ಟು ಅಂತಸ್ತು ಏರಿಸುವುದೆಂದು ತೀರ್ಮಾನಿಸಿದವರು ಬೇರೆ.

ಈ ಬೀದಿಗಾಗಿ ಎಷ್ಟೋ ಸಂಸಾರಗಳು ಮನೆ ಬಿಟ್ಟವು. ಕೊಟ್ಟ ಪರಿಹಾರ ಸಾಲದೆಂದು ಕೋರ್ಟಿಗೆ ಹೋದರು, ಕೆಲವರ ದೂರು ಸ್ಟ್ರಾಸ್‌ಬೋರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. 2009ರಲ್ಲಿ ಆ ನ್ಯಾಯಾಲಯ ಅಲ್ಲಿನ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಊರಿನ ನಡುವಿದ್ದ ಹತ್ತೊಂಬತ್ತನೇ ಶತಮಾನದ ಕಪ್ಪು ತುಫ್ ಮನೆಗಳಲ್ಲಿ ಹಲವನ್ನು ಮುಂಗೋಡೆಯ ಕಲ್ಲುಗಳಿಗೆ ನಂಬರು ಹಾಕಿ ಬಿಚ್ಚಿಟ್ಟಿದ್ದರು, ಹಳೆಯ ಯೆರೆವಾನ್ ಎಂಬ ಹೆಸರಿನಲ್ಲಿ ಒಂದೇ ಕಡೆ ಮತ್ತೆ ಕಟ್ಟುತ್ತೇವೆಂದು. ನಂಬರು ಹಾಕಿದ ಕಲ್ಲನ್ನು ಮತ್ತೆ ಜೋಡಿಸಿದರೆ ಗೋಡೆ ಬರುತ್ತದೆ. ಎದುರು ಮನೆ, ಪಕ್ಕದ ಮನೆ, ಮೂಲೆಯ ಅಂಗಡಿ ಬರುವುದಿಲ್ಲ. ಪುಟ್ಟಿಗೆ ಇದೆಲ್ಲ ಹೊಸದು. "ನಾನು ಇಲ್ಲಿ ವಾರಕ್ಕೊಂದ್ಸಲ ಐಸ್‌ಕ್ರೀಮ್ ತಿನ್ನಕ್ಕೆ ಬರ್ತೀನಿ ಅತ್ತೆ, ಗೊತ್ತೇ ಇರ್ಲಿಲ್ಲ," ಎಂದು ಸುಮ್ಮನಾದಳು.

ಮಧ್ಯಾಹ್ನ ಅಬೋವ್ಯಾನ್ ಬೀದಿಯಲ್ಲಿ ಕತೊಘಿಕೆ ಚರ್ಚನ್ನು ನೋಡಿದೆವು. ಹದಿಮೂರನೇ ಶತಮಾನದ್ದು, ನಾಲ್ಕು ಜನ ಒಳಗೆ ಹೋದರೆ ಐದನೆಯವರು ಹೊರಗೆ ಕಾಯಬೇಕು. ಇದು ಕಾಣಿಸಿಕೊಂಡ ಬಗೆಯೇ ವಿಚಿತ್ರ. 1936ರಲ್ಲಿ ಇಲ್ಲಿದ್ದ ಹದಿನೇಳನೇ ಶತಮಾನದ ದೊಡ್ಡ ಚರ್ಚನ್ನು ಕೆಡವುತ್ತಿದ್ದರು. ಗೋಡೆ ಬೀಳುತ್ತಾ ಹೋದಂತೆ ಅದರ ಹೊಟ್ಟೆಯೊಳಗಿನಿಂದ ಈ ಪುಟ್ಟ ಗುಡಿ ಹೊರಬಂತು. ವಿದ್ವಾಂಸರೂ ಜನರೂ ಅಡ್ಡ ನಿಂತು ಉಳಿಸಿಕೊಂಡರು. ಆಮೇಲೆ ಎಷ್ಟೋ ದಶಕ ಒಂದು ಸಂಸ್ಥೆಯ ಕಟ್ಟಡದ ಮರೆಯಲ್ಲಿತ್ತು. ಈಗ ಆ ಕಟ್ಟಡ ಹೋಗಿ, ಪಕ್ಕದಲ್ಲಿ ಸಂತ ಅನ್ನಾಳ ಹೊಸ ಚರ್ಚು ಎದ್ದಿದೆ. ಗೋಡೆಯಲ್ಲಿ ಅಲ್ಲಲ್ಲಿ ಶಿಲುಬೆಗಳನ್ನೂ ಬರಹಗಳನ್ನೂ ಕೆತ್ತಿದ್ದಾರೆ. ಪುಟ್ಟಿ ಎರಡು ಮೇಣದಬತ್ತಿ ಹಚ್ಚಿದಳು, ಒಂದು ಪರೀಕ್ಷೆಗೆ, ಒಂದು ಅಜ್ಜಿಗೆ.

ನಾಲ್ಕನೇ ದಿನ

ಊರಿನಿಂದ ಹದಿನೈದು ಕಿಲೋಮೀಟರ್ ದೂರದ ಝ್ವಾರ್ತ್‌ನೋತ್ಸ್‌ಗೆ ಹೋದೆವು. ಏಳನೇ ಶತಮಾನದ ದುಂಡು ದೇವಾಲಯ, ಹತ್ತನೇ ಶತಮಾನದಲ್ಲಿ ಬಿದ್ದುಹೋಯಿತು. ಮಣ್ಣಿನಡಿ ಸಾವಿರ ವರ್ಷ ಇದ್ದು, 1900ರ ನಂತರ ಅಗೆದಾಗ ಸಿಕ್ಕಿತು. ಈಗ ನಿಂತಿರುವುದು ಒಂದು ಸುತ್ತು ಕಂಬ ಕಮಾನುಗಳು. ಸುತ್ತ ನೆಲದ ಮೇಲೆ ಬಿದ್ದ ಕಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಾರೆ.

ಅಲ್ಲಿ ನಡೆಯುತ್ತಾ ನಡೆಯುತ್ತಾ ನಾನು ಗಕ್ಕನೆ ನಿಂತೆ. ಬಿದ್ದ ಕಲ್ಲಿನ ಮೇಲೆ ದಾಳಿಂಬೆ! ಮುಂದೆ ದ್ರಾಕ್ಷಿ ಬಳ್ಳಿ. ಅದರಾಚೆ ರೆಕ್ಕೆ ಹರಡಿದ ಹದ್ದಿನ ಕಂಬದ ತಲೆ. ಎರಡು ದಿನದ ಹಿಂದೆ ಸರ್ಕಾರಿ ಭವನದ ಪಡಸಾಲೆಯಲ್ಲಿ ಬರೆದುಕೊಂಡ ಪುಟ ತೆಗೆದು ಪಕ್ಕದಲ್ಲಿಟ್ಟೆ. ಪುಟ್ಟಿಗೆ ಹೇಳಬೇಕಾಗಿಯೇ ಬರಲಿಲ್ಲ. "ಅತ್ತೆ, ಕಾಪಿ ಹೊಡೆದಿದ್ದಾರೆ!" ಎಂದಳು. ಕಾಪಿಯಲ್ಲ, ಅಕ್ಷರ ಕಲಿತದ್ದು ಇಲ್ಲಿ ಎಂದೆ. ಪೀಟರ್ಸ್‌ಬರ್ಗ್‌ನಲ್ಲಿ ಗ್ರೀಕ್ ರೋಮನ್ ಕಂಬಗಳ ಅಳತೆಯನ್ನು ಅರೆದು ಕುಡಿದಿದ್ದ ಮನುಷ್ಯ ತಾಯ್ನೆಲಕ್ಕೆ ಬಂದು, ಇಲ್ಲಿಯ ಬಿದ್ದ ಕಲ್ಲುಗಳ ಮುಂದೆ ಕೂತು ಎರಡನೇ ಸಲ ವಿದ್ಯಾರ್ಥಿಯಾದರು. ಅಗೆದು ಸಿಕ್ಕ ಕಲ್ಲುಗಳನ್ನು ನೋಡಿ ಈ ದೇವಾಲಯ ಒಂದರ ಮೇಲೊಂದರಂತೆ ಮೂರು ಸುತ್ತಿನದಾಗಿತ್ತು ಎಂದು ಚಿತ್ರ ಬರೆದವರು ತೊರೊಸ್ ತೊರಮಾನ್ಯಾನ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ. ದುಂಡು ಕಟ್ಟಡ ಅಷ್ಟು ಎತ್ತರ ನಿಲ್ಲಲು ಸಾಧ್ಯವೇ ಇಲ್ಲವೆಂದು ಬಹಳ ಜನ ನಂಬಲಿಲ್ಲ. 1906ರಲ್ಲಿ ಆನಿ ಎಂಬ ಹಾಳೂರಿನಲ್ಲಿ ಅಗೆಯುವಾಗ ರಾಜ ಗಾಗಿಕನ ವಿಗ್ರಹ ಸಿಕ್ಕಿತು. ಅವನ ಕೈಯಲ್ಲಿ ತಾನು ಕಟ್ಟಿಸಿದ ಚರ್ಚಿನ ಮಾದರಿ, ಅದೇ ಮೂರು ಸುತ್ತು! ಗಾಗಿಕ್ ತನ್ನ ಚರ್ಚನ್ನು ಝ್ವಾರ್ತ್‌ನೋತ್ಸ್ ನೋಡಿ ಕಟ್ಟಿಸಿದ್ದ. ತೊರಮಾನ್ಯಾನ್ ಮಾತು ನಿಂತಿತು.

ಇಲ್ಲಿನ ದುಂಡು ನೋಡಿದ ಮೇಲೆ ಅಪೆರಾ ಭವನದ ದುಂಡು ಬೇರೆಯೇ ಆಗಿ ಕಾಣುತ್ತದೆ.

ಹಳೆಯ ಗುಡಿಗಳ ಕೆತ್ತನೆಯನ್ನು ಹೊಸ ಕಟ್ಟಡಗಳಿಗೆ ತಂದದ್ದಕ್ಕೆ ತಮಾನ್ಯಾನ್ ಬೈಸಿಕೊಂಡರು ಕೂಡ. 1930ರ ಸುಮಾರಿಗೆ ಮಾಸ್ಕೋದಲ್ಲಿ ಓದಿ ಬಂದ ಹುಡುಗರು, ಕಾರೊ ಹಲಬ್ಯಾನ್, ಗೆವೊರ್ಗ್ ಕೊಚಾರ್, ಮಿಕಾಯೆಲ್ ಮಜ್ಮಾನ್ಯಾನ್ ಮೊದಲಾದವರು, ಕಾರ್ಮಿಕರ ರಾಜ್ಯಕ್ಕೆ ಕಂಬ ಕೆತ್ತನೆ ಯಾಕೆ ಎಂದು ಅವರನ್ನು ತರಾಟೆಗೆ ತೆಗೆದುಕೊಂಡರು. ಆ ಹುಡುಗರೂ ಕೈಲಾಗದವರಲ್ಲ, ಸರಳವಾದ ಒಳ್ಳೆಯ ಮನೆಗಳನ್ನು ಕಟ್ಟಿದರು. 1937ರಲ್ಲಿ ಕೊಚಾರ್ ಮತ್ತು ಮಜ್ಮಾನ್ಯಾನ್ ಇಬ್ಬರನ್ನೂ ಸ್ಟಾಲಿನ್ ಆಡಳಿತ ಬಂಧಿಸಿತು, ಸೈಬೀರಿಯಾದ ಹಿಮದೂರು ನೊರಿಲ್‌ಸ್ಕ್‌ಗೆ ಕಳಿಸಿತು. ಅವರು ಅಲ್ಲಿದ್ದಾಗ, 1942ರಲ್ಲಿ, ಸರ್ಕಾರಿ ಭವನಕ್ಕಾಗಿ ತಮಾನ್ಯಾನ್‌ಗೆ ಮರಣೋತ್ತರವಾಗಿ ಸ್ಟಾಲಿನ್ ಪ್ರಶಸ್ತಿ ಬಂತು. ಜಗಳವಾಡಿದವರಿಬ್ಬರೂ ಆ ಸುದ್ದಿಯನ್ನು ಯಾವ ಮನಸ್ಸಿನಿಂದ ಕೇಳಿದರೋ. ಇಬ್ಬರೂ ಸ್ಟಾಲಿನ್ ಸತ್ತ ಮೇಲೆ ಯೆರೆವಾನಿಗೆ ಮರಳಿ, ಮತ್ತೆ ಪೆನ್ಸಿಲ್ ಹಿಡಿದರು.

ಹೊರಡುವ ಹೊತ್ತಿಗೆ ದಕ್ಷಿಣದ ಮಬ್ಬಿನಲ್ಲಿ ಮೋಡಕ್ಕಿಂತ ಸ್ವಲ್ಪ ಗಟ್ಟಿಯಾದ ಬಿಳಿ ಅಂಚೊಂದು ಮೂಡಿ, ಹತ್ತು ನಿಮಿಷದಲ್ಲಿ ಅಳಿಸಿಹೋಯಿತು.

ಅರ್ಮೇನಿಯನ್ ಚರ್ಚಿನ ಮೂಲಪೀಠವಾದ ಎಚ್ಮಿಯಾದ್ಜಿನ್ ನೋಡಿ, ಜೆಂಗ್ಯಾಲೊವ್ ಹಾತ್ಸ್ ತಿಂದು ವಾಪಸ್ಸಾದೆವು. ಹತ್ತಾರು ಬಗೆಯ ಸೊಪ್ಪನ್ನು ತುಂಬಿ ಕಾವಲಿಯ ಮೇಲೆ ಬೇಯಿಸಿದ ರೊಟ್ಟಿ ಅದು. ಸಸ್ಯಾಹಾರಿಗಳು ಈ ಹೆಸರು ಬಾಯಿಪಾಠ ಮಾಡಿಕೊಂಡು ಹೋದರೆ ಉಪವಾಸ ಬೀಳುವ ಭಯವಿಲ್ಲ.

ಐದನೇ ದಿನ

ಬೆಳಗ್ಗೆ ಆರೂವರೆಗೆ ಪುಟ್ಟಿ ಕಿಟಕಿ ತೆರೆದವಳೇ "ಅತ್ತೆ ಏಳು, ಏಳು, ಮಾಸಿಸ್!" ಎಂದು ಕೂಗಿದಳು. ಮುಖ ತೊಳೆಯದೆ ಓಡಿದೆವು, ಕ್ಯಾಸ್ಕೇಡ್‌ಗೆ.

ಕ್ಯಾಸ್ಕೇಡ್ ಎಂದರೆ ಬೆಟ್ಟದ ಇಳಿಜಾರಿಗೆ ಹೊಂದಿಸಿದ ಬೃಹತ್ ಕಲ್ಲಿನ ಮೆಟ್ಟಿಲುಸಾಲು. 572 ಮೆಟ್ಟಿಲು, ನಡುನಡುವೆ ಕಾರಂಜಿ, ಹೂದೋಟ. ಕೆಳಗಿನ ಊರಿನ ನಡುಭಾಗವನ್ನೂ ಮೇಲಿನ ದಿಬ್ಬವನ್ನೂ ಹಸಿರು, ನೀರುಗಳಿಂದ ಕೂಡಿಸಬೇಕೆಂಬುದು ತಮಾನ್ಯಾನ್ ಕನಸು. ಅವರ ಕಾಲದಲ್ಲಿ ಆಗಲಿಲ್ಲ. 1970ರ ದಶಕದಲ್ಲಿ ಜಿಮ್ ತೊರೊಸ್ಯಾನ್ ಎಂಬ ವಾಸ್ತುಶಿಲ್ಪಿ ಅದನ್ನು ಕೈಗೆತ್ತಿಕೊಂಡು ಹೊಸದಾಗಿ ರೂಪಿಸಿದರು. 1988ರ ಡಿಸೆಂಬರ್ 7ರ ಭೂಕಂಪ, ಮೂರು ವರ್ಷದಲ್ಲಿ ಸೋವಿಯತ್ ಒಕ್ಕೂಟದ ಪತನ, ಕೆಲಸ ನಿಂತುಹೋಯಿತು. 2000ದ ನಂತರ ಅಮೆರಿಕದ ಅರ್ಮೇನಿಯನ್ ದಾನಿ ಜೆರಾರ್ಡ್ ಕಫೆಸ್ಜಿಯನ್ ಹಣ ಹಾಕಿ ಮುಂದುವರಿಸಿದರು. 2009ರಲ್ಲಿ ಒಳಗಿನ ಕಲಾಕೇಂದ್ರ ತೆರೆಯಿತು.

ಮೆಟ್ಟಿಲ ಬುಡದ ತೋಟದಲ್ಲಿ ತಮಾನ್ಯಾನ್ ನಿಂತಿದ್ದಾರೆ. 1974ರ ಶಿಲ್ಪ, ಮಾಡಿದವರು ಅರ್ತಾಶೆಸ್ ಹೊವ್ಸೆಪ್ಯಾನ್. ಎಷ್ಟೋ ಊರುಗಳಲ್ಲಿ ದೊಡ್ಡವರ ವಿಗ್ರಹ ನೋಡಿದ್ದೇನೆ: ಕೈ ಎತ್ತಿದವರು, ಕುದುರೆ ಏರಿದವರು, ದೂರ ನೋಡುವವರು. ಇವರು ಬಗ್ಗಿದ್ದಾರೆ. ಕಲ್ಲಿನ ಡ್ರಾಯಿಂಗ್ ಟೇಬಲ್ ಮೇಲೆ ಎರಡೂ ಕೈ ಊರಿ, ಮೈಯ ಭಾರವೆಲ್ಲ ಅಂಗೈಗಳ ಮೇಲೆ ಬಿಟ್ಟು, ಹಾಳೆ ನೋಡುತ್ತಿದ್ದಾರೆ. ಬೋರ್ಡಿನ ಮುಂದೆ ಗಂಟೆಗಟ್ಟಲೆ ನಿಂತವರ ಬೆನ್ನು ಹೀಗೇ ಬಾಗುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಸೊಂಟದಲ್ಲಿ ನೋವು ಶುರುವಾದಾಗ ನಾನೂ ಹೀಗೇ ನಿಲ್ಲುತ್ತಿದ್ದೆ. ಶಿಲ್ಪಿಗೆ ಈ ಕಸುಬು ಗೊತ್ತಿತ್ತು.

ಮೇಲೆ ಹತ್ತಿದೆವು. ಒಳಗೆ ಎಸ್ಕಲೇಟರ್ ಇದೆ, ಆದರೆ ನಡೆದೇ ಹತ್ತಿದೆ, ನಾಲ್ಕು ಕಡೆ ಕೂತು. ಕೂತಾಗೆಲ್ಲ ಹಿಂದೆ ತಿರುಗಬಾರದು ಎಂದು ಪುಟ್ಟಿಯ ಕಟ್ಟಪ್ಪಣೆ. ಕೊನೆಯ ಹಂತದಲ್ಲಿ ನಿಂತು ತಿರುಗಿದೆ.

ಇಡೀ ಬೆಟ್ಟ. ಬುಡದಲ್ಲಿ ತೆಳು ನೀಲಿ, ನಡುವೆ ಏನೂ ಇಲ್ಲ, ಮೇಲೆ ಹಿಮ. ಎಡಕ್ಕೆ ಚೂಪಾದ ಕಿರಿಯ ಮಾಸಿಸ್. ಅದರ ಮುಂದೆ ಬಟ್ಟಲಿನಂತೆ ಇಳಿದ ಊರು. ಕೈ ಚಾಚಿ ಒಂದೊಂದಾಗಿ ಗುರುತಿಸಿದೆ: ಇಲ್ಲಿ ವಿಗ್ರಹ, ಅದರಾಚೆ ಅಪೆರಾದ ದುಂಡು, ಅಲ್ಲಿಂದ ಓರೆಯಾಗಿ ಉತ್ತರ ಬೀದಿ, ಅದರ ಕೊನೆಗೆ ಚೌಕ. ಹಾಳೆಯ ಮೇಲೆ ನೋಡಿದಾಗ ಆ ಓರೆ ಗೆರೆ ಯಾಕೆಂದು ನನಗೆ ಹೊಳೆದಿರಲಿಲ್ಲ. ಮೇಲೆ ನಿಂತಾಗ ಹೊಳೆಯಿತು, ಇಳಿಜಾರು ಇಳಿದು ಬೆಟ್ಟದ ಕಡೆಗೇ ಹೊರಟ ದಾರಿಯದು. ಅಲ್ಲಲ್ಲಿ ಹೊಸ ಗಾಜಿನ ಗೋಪುರಗಳು ಎದ್ದು ಬೆಟ್ಟದ ಬುಡವನ್ನು ಮರೆಮಾಡಿವೆ. ಒಂದೊಂದು ಗೋಪುರದ ಹಿಂದೆಯೂ ಎಷ್ಟು ಮನೆಗಳ ಕಿಟಕಿಯಿಂದ ಮಾಸಿಸ್ ಹೋಗಿರಬಹುದು ಎಂದು ಸಂಕಟವಾಯಿತು. ನಮ್ಮ ಬೆನ್ನ ಹಿಂದೆ, ಮೆಟ್ಟಿಲು ಮುಗಿದ ಕಡೆ, ಕೆಲಸ ಮುಗಿಯದ ಕಾಂಕ್ರೀಟಿನ ಗುಂಡಿ. ಅಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳುಗಳು ನಿಂತಿದ್ದವು.

ರಾತ್ರಿ ವಿಮಾನ. ಮಧ್ಯಾಹ್ನ ಉಳಿದಿತ್ತು. ಈ ಊರಿನಲ್ಲಿ ತಮಾನ್ಯಾನ್ ಗೆರೆ ತಲುಪದ ಜಾಗ ಯಾವುದಾದರೂ ಇದೆಯೇ ಎಂದು ಕೇಳಿದ್ದಕ್ಕೆ ಪುಟ್ಟಿ ಕೊಂದ್‌ಗೆ ಕರೆದುಕೊಂಡು ಹೋದಳು. ಊರಿನ ನಡುವಿನಿಂದ ನಡೆದೇ ಹೋಗಬಹುದಾದ ದಿಬ್ಬ. ಒಂದು ತಿರುವು ದಾಟಿದರೆ ಗುಲಾಬಿ ಕಲ್ಲೂ ಇಲ್ಲ, ಅಗಲ ಬೀದಿಯೂ ಇಲ್ಲ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವ ಓಣಿಗಳು, ಮಣ್ಣಿಟ್ಟಿಗೆ, ತಗಡು, ಬಟ್ಟೆ ಒಣಹಾಕಿದ ಹಗ್ಗಗಳು. ಹದಿನೇಳನೇ ಶತಮಾನದ ಒಂದು ಪರ್ಷಿಯನ್ ಮಸೀದಿಯ ಉಳಿಕೆಯಲ್ಲಿ, 1915ರ ನಂತರ ಓಡಿಬಂದ ನಿರಾಶ್ರಿತರು ಗೋಡೆ ಹಾಕಿ ಮನೆ ಮಾಡಿಕೊಂಡದ್ದು ಇನ್ನೂ ಹಾಗೇ ಇದೆ.

ಒಂದು ಬಾಗಿಲಲ್ಲಿ ಕೂತಿದ್ದ ಅಜ್ಜಿ ಪುಟ್ಟಿಯ ಅರೆಬರೆ ಅರ್ಮೇನಿಯನ್ ಕೇಳಿ ಖುಷಿಪಟ್ಟು ಒಳಗೆ ಕರೆದರು. ಅಲ್ಲಿ ಅಜ್ಜಿಗೆ ತಾತಿಕ್ ಎನ್ನುತ್ತಾರೆ. ಅಂಗಳ ಅಂದರೆ ಎಂಟು ಅಡಿ ಅಗಲ, ಮೇಲೆಲ್ಲ ದ್ರಾಕ್ಷಿ ಚಪ್ಪರ. ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲಿ ಕಾಫಿ ಉಕ್ಕಿಸಿ ಕೊಟ್ಟರು. ನಾನು ಡ್ರಾಯಿಂಗ್ ಟೀಚರ್ ಎಂದು ಪುಟ್ಟಿ ಹೇಳಿದಾಗ ತಾತಿಕ್ ಜೋರಾಗಿ ಏನೋ ಅಂದರು. ಪುಟ್ಟಿ ಕನ್ನಡಕ್ಕೆ ತಂದಳು: "ನಮ್ಮ ಓಣಿಯ ನಕ್ಷೆ ಬರೆಯೋಕೆ ಎಷ್ಟೋ ಜನ ಬಂದ್ರಂತೆ. ಇವರು ಮದುವೆಯಾಗಿ ಬಂದಾಗಲೇ ಕೆಡವ್ತೀವಿ ಅಂತಿದ್ರಂತೆ. ಚರಂಡಿ ಮಾತ್ರ ಯಾರೂ ಸರಿ ಮಾಡ್ಕೊಡ್ಲಿಲ್ಲವಂತೆ." ತಮಾನ್ಯಾನ್ ಗೊತ್ತೇ ಎಂದು ಕೇಳಿಸಿದೆ. ತಾತಿಕ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಆಮೇಲೆ ಕೈಯನ್ನು ಗೋಡೆಯ ಕಡೆ ಬೀಸಿ ಇನ್ನೇನೋ ಹೇಳಿದರು. "ಒಳ್ಳೆಯ ಮನುಷ್ಯ, ಊರು ಕೊಟ್ಟ, ಆದರೆ ಈ ಗೋಡೆ ನಮ್ಮ ಮಾವ ಕಟ್ಟಿದ್ದು, ಅಂತಾರೆ."

ನಾನು ಸ್ಕೆಚ್ ಪುಸ್ತಕ ತೆಗೆದು ಆ ಅಂಗಳವನ್ನು ಅಳತೆಗೆ ಬರೆದುಕೊಂಡೆ. ಬಾಗಿಲು, ಮೂರು ಮೆಟ್ಟಿಲು, ಚಪ್ಪರದ ನಾಲ್ಕು ಕಂಬ, ಬಾವಿಯಷ್ಟು ಹಳೆಯದಾದ ದ್ರಾಕ್ಷಿ ಬುಡ. ತಾತಿಕ್ ಪಕ್ಕದಲ್ಲಿ ನಿಂತು, ಬಿಟ್ಟುಹೋದ ಒಂದು ಗೂಡನ್ನು ಬೊಟ್ಟು ಮಾಡಿ ಬರೆಸಿದರು. ಆ ಹಾಳೆ ಹರಿದು ಅವರಿಗೇ ಕೊಟ್ಟೆ.

ಹೊರಡುವಾಗ ಕತ್ತರಿ ತಂದು ಎರಡು ಗೊಂಚಲು ಕತ್ತರಿಸಿ ಪುಟ್ಟಿಯ ಸೆರಗಿಲ್ಲದ ಮಡಿಲಿಗೆ, ಅವಳ ಸ್ವೆಟರಿಗೇ, ಹಾಕಿದರು. ಮುಂದಿನ ವರ್ಷ ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಬಾ ಜಾನ್ (ಕಂದಾ ಎಂದಂತೆ), ಮನೆ ಇದ್ದರೆ ನಾನಿರುತ್ತೇನೆ ಎಂದರು. ಪುಟ್ಟಿ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿದ್ದ ನಂಬರನ್ನು ಎರಡು ಸಲ ಓದಿ, ಫೋನಿನಲ್ಲಿ ಬರೆದುಕೊಂಡಳು.